ಕಾಲು ಭಾಗ ಕರಿದ ಎಣ್ಣೆ

ಉತ್ತರ ವಲಯದ ಬಳಸಿದ ಅಡುಗೆ ಎಣ್ಣೆ ಸಂಗ್ರಹ ಅಭಿಯಾನದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಘಟನಾ ವರದಿಯೊಂದರಲ್ಲಿ ರುಖ್ಸಾರ್ ಎಂಬ ಹೆಂಗಸಿನ ಕೈ ಸುಟ್ಟದ್ದಕ್ಕೆ ಕಾರಣ ‘ಕಾರ್ಮಿಕಳ ಅಜಾಗರೂಕತೆ’ ಎಂದು ಬರೆದಿದೆ. ಅದು ಸುಳ್ಳು. ಆ ಮಾತನ್ನು ಹೊಡೆದುಹಾಕಿ ಎಂದು ಕೇಳಲು ನಾನು ನಿಮ್ಮ ಕಚೇರಿಗೆ ಬಂದೆ. ಸಾಹೇಬರು ಜೈವಿಕ ಇಂಧನದ ಸಮ್ಮೇಳನಕ್ಕೆ ಹೋಗಿದ್ದಾರೆ ಎಂದರು. ಇನ್ನೊಮ್ಮೆ ಬಂದೆ. ಸಮ್ಮೇಳನದ ಬಗ್ಗೆ ವರದಿ ಬರೆಯುತ್ತಿದ್ದಾರೆ, ಈಗ ಮಾತಾಡಿಸುವಂತಿಲ್ಲ ಎಂದರು. ಇನ್ನು ನಿಮ್ಮ ಬಾಗಿಲಲ್ಲಿ ಕಾಯುವ ತಾಳ್ಮೆ ನನಗಿಲ್ಲ. ಹೇಳಬೇಕಾದ್ದನ್ನು ಪತ್ರಿಕೆಗೆ ಕೊಟ್ಟು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ, ನಿಮಗೂ ಎಲ್ಲೋ ಒಂದು ಕಡೆ ಕೇಳಿಸೀತು.

ಮೊದಲು ನಾನು ಯಾರೆಂದು ತಿಳಿಸುವುದು ಒಳ್ಳೆಯದು. ಕೊಡಿಗೇಹಳ್ಳಿಯ ಹಳೇ ಮನೆತನದ ಸೊಸೆ, ಬಿ.ಕಾಂ. ಪಾಸಾದವಳು, ಬಾಯಿ ಸ್ವಲ್ಪ ಜೋರು. ನಮ್ಮ ಮಾವ ಚಿಕ್ಕಬೈರಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟ್ ನಿಂತಿದೆ. ನಮ್ಮ ಮನೆಯ ಕೆಳ ಅಂತಸ್ತಿನಲ್ಲಿ ನಾನು ಮತ್ತು ಅತ್ತೆ ಸುಬ್ಬಮ್ಮ ಕುರುಕಲು ತಿಂಡಿ ಮಾಡಿ ಮಾರುತ್ತೇವೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹಬ್ಬಕ್ಕೆ ಕಜ್ಜಾಯ. ಹಿಟ್ಟು ಕಲಸುವುದು ಅತ್ತೆ, ಲೆಕ್ಕಾಚಾರ ಮತ್ತು ಜಗಳ ನನ್ನದು, ಬಾಣಲೆ ಮುಂದೆ ನಿಲ್ಲುವವಳು ರುಖ್ಸಾರ್. ಆರ್.ಟಿ. ನಗರದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ನನ್ನ ಮಗಳು ವೇದಾ ಹೈಸ್ಕೂಲಿನಲ್ಲಿದ್ದಾಗ ಬಂದವಳು, ಈಗ ವೇದಾ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅಷ್ಟು ವರ್ಷದಲ್ಲಿ ರುಖ್ಸಾರ್ ಕೈಗೆ ಎಣ್ಣೆ ಹನಿ ಸಿಡಿದು ಬೊಕ್ಕೆ ಬಂದದ್ದುಂಟು, ಒಲೆಯಿಂದ ಜ್ವಾಲೆ ಎದ್ದದ್ದು ಒಮ್ಮೆಯೂ ಇಲ್ಲ.

ನಿಮ್ಮ ಅಭಿಯಾನವನ್ನು ನಾನು ವಿರೋಧಿಸುತ್ತೇನೆ ಎಂದು ದಯವಿಟ್ಟು ತಿಳಿಯಬೇಡಿ. ವಿರೋಧಿಸುವವರ ಸಾಲಿಗೆ ನನ್ನನ್ನು ಸೇರಿಸಿ ಫೈಲು ಮುಚ್ಚುವುದು ಸುಲಭ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ದೊಡ್ಡ ಹೋಟೆಲಿನವರು ಕರಿದು ಕಪ್ಪಾದ ಎಣ್ಣೆಯನ್ನು ತಳ್ಳುಗಾಡಿಯವರಿಗೆ ಮಾರುತ್ತಾರೆ, ಅವರು ಅದರಲ್ಲೇ ಮತ್ತೆ ಬೋಂಡಾ ಬಿಡುತ್ತಾರೆ, ಉಳಿದದ್ದು ಮೋರಿಗೆ, ಮೋರಿಯಿಂದ ಕೆರೆಗೆ. ಇದನ್ನು ಕಣ್ಣಾರೆ ಕಂಡವಳು ನಾನು. ಆ ವಿಷವನ್ನು ನೀವು ಡ್ರಮ್ಮಿನಲ್ಲಿ ಒಯ್ದು ಡೀಸೆಲ್ ಮಾಡಿ ಬಸ್ಸು ಓಡಿಸುತ್ತೀರಿ ಎಂದರೆ ಬೇಡ ಎನ್ನಲು ನನಗೇನು ತಲೆ ಕೆಟ್ಟಿದೆಯೇ? ಯಶವಂತಪುರದ ಸಭಾಂಗಣದಲ್ಲಿ ನೀವು ನಮ್ಮನ್ನೆಲ್ಲ ಕರೆಸಿ, ಪರದೆಯ ಮೇಲೆ ಚಿತ್ರ ತೋರಿಸಿ, ಬೋಂಡಾ ಕರಿದ ಎಣ್ಣೆಯಿಂದ ವಿಮಾನವೂ ಹಾರುತ್ತದೆ ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದು ನಾನೇ. ನಮ್ಮ ಮನೆ ಮೇಲೆ ದಿನವಿಡೀ ವಿಮಾನ ಹೋಗುತ್ತವೆ. ಇನ್ನು ಮೇಲೆ ಅವು ನಮ್ಮ ಎಣ್ಣೆ ಕುಡಿದು ಹೋಗುತ್ತವಂತೆ ಎಂದು ಮನೆಗೆ ಬಂದು ಹೇಳಿದೆ. ಅತ್ತೆ ತಲೆ ಎತ್ತಿ ಕೂಡ ನೋಡಲಿಲ್ಲ.

ನನ್ನ ತಕರಾರು ಶುರುವಾಗುವುದು ನಿಮ್ಮ ಕಾಲು ಭಾಗದಿಂದ. ತಿಂಡಿ ಮಾಡುವವರು ಎಷ್ಟು ಹೊಸ ಎಣ್ಣೆ ಕೊಳ್ಳುತ್ತಾರೋ ಅದರ ಕಾಲು ಭಾಗವನ್ನು ಬಳಸಿದ ಎಣ್ಣೆಯಾಗಿ ಹಿಂತಿರುಗಿಸಬೇಕು, ಇಲ್ಲವಾದರೆ ಕಳ್ಳತನದಲ್ಲಿ ಮಾರಿದ್ದಾರೆ ಎಂದು ಭಾವಿಸಿ ಪರವಾನಗಿ ತಡೆಹಿಡಿಯಲಾಗುವುದು ಎಂದು ಆದೇಶ ಹೊರಡಿಸಿದಿರಿ. ಈ ಕಾಲು ಭಾಗವನ್ನು ಯಾವ ಅಡುಗೆಮನೆಯಲ್ಲಿ ಅಳೆದಿರಿ? ಆಲೂಗಡ್ಡೆ ಚಿಪ್ಸು ಮಾಡುವವನಿಗೂ, ಕೋಳಿ ಕರಿಯುವವನಿಗೂ, ಚಕ್ಕುಲಿ ಮಾಡುವವಳಿಗೂ ಒಂದೇ ಅಳತೆಯೇ? ಚಕ್ಕುಲಿ ಎಣ್ಣೆಯನ್ನು ಕುಡಿಯುತ್ತದೆ ಸ್ವಾಮಿ. ನಾವು ಕೊಂಡ ಎಣ್ಣೆಯ ಬಹುಪಾಲು ಗಿರಾಕಿಯ ಹೊಟ್ಟೆಯಲ್ಲಿದೆ. ಬಾಣಲೆಯಲ್ಲಿ ಉಳಿದ ಸ್ವಲ್ಪ ಎಣ್ಣೆಯನ್ನು ಬಿಸಿಯಿರುವಾಗಲೇ ಸೋಸಿ ಮುಂದಿನ ಹಿಟ್ಟಿಗೆ ಹಾಕಿ ಕಲಸುತ್ತೇವೆ, ಇಲ್ಲದಿದ್ದರೆ ನಿಪ್ಪಟ್ಟು ಗರಿಗರಿಯಾಗುವುದಿಲ್ಲ. ಸಂಜೆ ಕೊನೆಗೆ ಬಾಳಕದ ಮೆಣಸಿನಕಾಯಿ ಬಿಟ್ಟರೆ ಬಾಣಲೆ ಖಾಲಿ. ಇದೇನು ನನ್ನ ಅತ್ತೆ ಕಂಡುಹಿಡಿದ ವಿದ್ಯೆಯಲ್ಲ. ಎಣ್ಣೆ ತುಟ್ಟಿಯಾಗಿದ್ದ ಕಾಲದಲ್ಲಿ ಈ ಕಡೆಯ ಮನೆಮನೆಯಲ್ಲೂ ಹೀಗೇ ಮಾಡುತ್ತಿದ್ದರು, ಈಗಲೂ ತುಟ್ಟಿಯೇ ಆದ್ದರಿಂದ ನಾವೂ ಬಿಟ್ಟಿಲ್ಲ.

ಹೀಗಾಗಿ ನಮ್ಮ ಡ್ರಮ್ಮಿನಲ್ಲಿ ತಳ ಕೂಡ ಮುಚ್ಚಲಿಲ್ಲ. ನಿಮ್ಮ ಸಿಬ್ಬಂದಿ ಒಬ್ಬರು ತಪಾಸಣೆಗೆ ಬಂದರು. ಇಲ್ಲಿ ತಪ್ಪು ನಮ್ಮದೂ ಇದೆ, ಮುಚ್ಚಿಡುವುದಿಲ್ಲ. ಅವರು ಬಂದ ಹೊತ್ತಿಗೆ ಒಲೆ ಮೇಲೆ ಎಣ್ಣೆ ಇತ್ತು. ನಮ್ಮಲ್ಲಿ ಎಣ್ಣೆ ಇಟ್ಟ ಮೇಲೆ ಹೊರಗಿನವರು ಬಾಣಲೆ ನೋಡಬಾರದು. ದೃಷ್ಟಿ ತಾಗಿದರೆ ತಿಂಡಿ ಎಣ್ಣೆ ಎಳೆಯುತ್ತದೆ, ಮೆತ್ತಗಾಗುತ್ತದೆ ಎಂಬ ನಂಬಿಕೆ. ಹಾಗಾಗಿಯೇ ಮೊದಲು ಒಂದು ಚೂರು ಹಿಟ್ಟನ್ನು ದೇವರ ಹೆಸರಿನಲ್ಲಿ ಎಣ್ಣೆಗೆ ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಾರೆ. ನನಗೆ ಆ ನಂಬಿಕೆ ಇಲ್ಲ. ಆದರೆ ಅತ್ತೆಗೆ ಇದೆ, ಒಲೆ ಅತ್ತೆಯದು. ನಾನಿದ್ದಿದ್ದರೆ ಏನೋ ಒಂದು ಹೇಳಿ ಒಳಗೆ ಬಿಡುತ್ತಿದ್ದೆ, ಆದರೆ ಅವತ್ತು ಯಶವಂತಪುರಕ್ಕೆ ಅಕ್ಕಿ ತರಲು ಹೋಗಿದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತು, “ಎಣ್ಣೆ ಇಟ್ಟಿವ್ನಿ ಕಣಪ್ಪಾ, ಈಗ ಒಳೀಕ್ ಬರಂಗಿಲ್ಲ, ಜಗುಲಿ ಮ್ಯಾಲ್ ಕುಂತ್ಕೋ” ಅಂದರಂತೆ. ಕೂರಿಸಿ, ತಟ್ಟೆ ತುಂಬ ಕೋಡುಬಳೆ ಕೊಟ್ಟರು, ಕಾಫಿ ಕೊಟ್ಟರು. ಆ ಮನುಷ್ಯ ಅಷ್ಟನ್ನೂ ತಿಂದರು. ಆಮೇಲೆ ಕಚೇರಿಗೆ ಹೋಗಿ ‘ತಪಾಸಣೆಗೆ ಅಡ್ಡಿಪಡಿಸಲಾಯಿತು, ಒಳಗೆ ಬಳಸಿದ ಎಣ್ಣೆಯನ್ನು ಬಚ್ಚಿಟ್ಟಿರುವ ಸಂಶಯವಿದೆ’ ಎಂದು ಬರೆದರು. ಕೋಡುಬಳೆ ಹೇಗಿತ್ತು ಎಂದು ಮಾತ್ರ ಬರೆಯಲಿಲ್ಲ.

ಶ್ರಾವಣ ಕಳೆದು ಗೌರಿ ಹಬ್ಬ ಹತ್ತಿರ ಬರುತ್ತಿದ್ದಾಗ ನಮ್ಮ ಪರವಾನಗಿ ತಡೆಹಿಡಿದಿರಿ. ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ವರ್ಷದ ದುಡಿಮೆಯ ಹೊತ್ತಿಗೆ ನಮ್ಮ ಒಲೆ ತಣ್ಣಗೆ. ನಾನು ಅತ್ತೆಯ ಮೇಲೆ ಹರಿಹಾಯ್ದೆ. ಯಾರೋ ಒಬ್ಬ ಸರ್ಕಾರದವನು ಬಾಣಲೆ ನೋಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಕೂಗಾಡಿದೆ. ಅತ್ತೆ ಎದುರಾಡದೆ, ತಣ್ಣಗಿದ್ದ ಬಾಣಲೆಯನ್ನು ಇನ್ನೊಮ್ಮೆ ತೊಳೆದು ಬೋರಲು ಹಾಕಿದರು. ನನಗೇ ಆಮೇಲೆ ಸಂಕಟವಾಯಿತು. ನಮ್ಮದೇನೋ ಬಾಡಿಗೆ ಬರುವ ಮನೆ, ಹಬ್ಬದ ವ್ಯಾಪಾರ ಹೋದರೂ ಉಪವಾಸ ಬೀಳುವುದಿಲ್ಲ. ರುಖ್ಸಾರ್ ಹಾಗಲ್ಲ. ಅವಳ ಗಂಡನಿಗೆ ಬೆನ್ನು ನೋವು, ಖಾಯಂ ಕೆಲಸವಿಲ್ಲ, ಮಗಳು ಗಜಾಲಾ ನರ್ಸಿಂಗ್ ಸೇರಿದ್ದಾಳೆ. ಒಲೆ ಮತ್ತೆ ಹೊತ್ತುವವರೆಗೆ ಬೇರೆ ಕಡೆ ನೋಡಿಕೋ ಎಂದು ನಾನೇ ಅವಳಿಗೆ ಹೇಳಿದೆ. ಸತೀಶನ ಅಂಗಡಿಗೆ ಕಳಿಸಿದ್ದೂ ನಾನೇ.

ಸತೀಶ ನನ್ನ ಗಂಡನ ಚಿಕ್ಕಪ್ಪನ ಮಗ, ನಮ್ಮ ರಸ್ತೆಯ ಕೊನೆಗೆ ಹಾಟ್ ಚಿಪ್ಸ್ ಅಂಗಡಿ ಇಟ್ಟಿದ್ದಾನೆ. ನಿಮಗೆ ಅವನು ಚೆನ್ನಾಗಿ ಗೊತ್ತು, ಏಕೆಂದರೆ ‘ಹಸಿರು ಬಾಣಲೆ’ ಎಂಬ ಪ್ರಶಸ್ತಿ ಫಲಕವನ್ನು ನೀವೇ ಅವನ ಕೈಗಿಟ್ಟು ಫೋಟೋ ತೆಗೆಸಿಕೊಂಡಿದ್ದೀರಿ. ಇಡೀ ವಾರ್ಡಿನಲ್ಲಿ ಅತಿ ಹೆಚ್ಚು ಬಳಸಿದ ಎಣ್ಣೆ ಕೊಟ್ಟವನು ಅವನು. ಅಷ್ಟು ಎಣ್ಣೆ ಅವನಿಗೆ ಎಲ್ಲಿಂದ ಬಂತು ಎಂದು ನೀವು ಕೇಳಲಿಲ್ಲ. ಕಡಿಮೆ ಬಂದಾಗ ಕಳ್ಳತನ ಎಂದು ಸಂಶಯ ಪಡುವ ಕಚೇರಿಗೆ ಹೆಚ್ಚು ಬಂದಾಗ ಏಕೆ ಸಂಶಯ ಬರಲಿಲ್ಲ? ನಾನೇ ಹೇಳುತ್ತೇನೆ. ಸತೀಶನ ಅಂಗಡಿಯಲ್ಲೂ ಕಾಲು ಭಾಗ ಉಳಿಯುತ್ತಿರಲಿಲ್ಲ. ನಮ್ಮ ಒಲೆ ಆರಿಸಿದ್ದನ್ನು ನೋಡಿ ಹೆದರಿದ. ಹೊಸ ಪಾಮ್ ಎಣ್ಣೆಯ ಟಿನ್ನು ಒಡೆದು ಬಾಣಲೆಗೆ ಸುರಿದು, ಕಪ್ಪಾಗುವವರೆಗೆ ಸುಮ್ಮನೆ ಕಾಯಿಸಿ, ಆರಿಸಿ, ನಿಮ್ಮ ಡ್ರಮ್ಮಿಗೆ ತುಂಬತೊಡಗಿದ. ಡ್ರಮ್ಮು ತುಂಬಿತು, ನೀವು ಮೆಚ್ಚಿದಿರಿ, ಅವನಿಗೂ ರುಚಿ ಹತ್ತಿತು. ಹುಚ್ಚರ ಮದುವೆಯಲ್ಲಿ ಉಂಡವನೇ ಜಾಣ. ಇದು ಅವನೊಬ್ಬನ ಕಥೆ ಎಂದು ತಿಳಿಯಬೇಡಿ. ನಿಮ್ಮ ಡ್ರಮ್ಮುಗಳಲ್ಲಿ ಇನ್ನೆಷ್ಟು ಕಡೆಯ ಹೊಸ ಎಣ್ಣೆ ವೇಷ ಹಾಕಿಕೊಂಡು ಕೂತಿದೆಯೋ, ಪರೀಕ್ಷೆ ಮಾಡಿಸಿ ನೋಡಿ.

ಈ ಪಾಮ್ ಎಣ್ಣೆ ಎಲ್ಲಿಂದ ಬರುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಇಂಡೋನೇಷ್ಯಾ, ಮಲೇಷ್ಯಾ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ಇಂಡೋನೇಷ್ಯಾದವರು ಅದೇ ಎಣ್ಣೆಯನ್ನು ತಮ್ಮ ಡೀಸೆಲ್ಲಿಗೆ ಬೆರೆಸುತ್ತಾರೆ, ಅದೂ ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚಾಗಿ. ಅಲ್ಲಿಯ ಲಾರಿ ಕುಡಿದದ್ದು ನಮ್ಮ ಬಾಣಲೆಗೆ ಬರುವುದಿಲ್ಲವಲ್ಲ, ಯಶವಂತಪುರದ ಮಂಡಿಯಲ್ಲಿ ಟಿನ್ನಿನ ಬೆಲೆ ಏರುತ್ತದೆ. ನಾನು ಮಂಡಿಯವರ ಹತ್ತಿರ ಜಗಳ ಮಾಡುವಾಗಲೆಲ್ಲ ಅವರು ಆ ದೇಶದ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಹೋಗಲಿ, ಅವರ ಮರ, ಅವರ ಎಣ್ಣೆ. ಆದರೆ ಅಷ್ಟು ದೂರದಿಂದ ಹಡಗಿನಲ್ಲಿ ಡೀಸೆಲ್ ಸುಟ್ಟುಕೊಂಡು ಬಂದ ತಿನ್ನುವ ಎಣ್ಣೆಯನ್ನು, ಕೊಡಿಗೇಹಳ್ಳಿಯಲ್ಲಿ ಗ್ಯಾಸು ಉರಿಸಿ ಕೆಡಿಸಿ, ಲಾರಿಯಲ್ಲಿ ಹೊತ್ತೊಯ್ದು ಮತ್ತೆ ಡೀಸೆಲ್ ಮಾಡಿ, ಅದಕ್ಕೆ ಹಸಿರು ಎಂದು ಹೆಸರಿಡುತ್ತೀರಲ್ಲ, ನಿಮಗೆ ಒಳಗೊಳಗೇ ನಗು ಬರುವುದಿಲ್ಲವೇ? ವೇದಾ ಹೇಳುತ್ತಾಳೆ, ಯುರೋಪಿನವರಿಗೂ ಇದೇ ತಲೆನೋವಂತೆ. ಅವರು ಬಳಸಿದ ಎಣ್ಣೆಗೆ ಒಳ್ಳೆಯ ಬೆಲೆ ಇಟ್ಟ ಮೇಲೆ ಹೊರದೇಶಗಳಿಂದ ಬಂದದ್ದರಲ್ಲಿ ಎಷ್ಟು ಹಳೆಯದು, ಎಷ್ಟು ಹೊಸದು ಎಂಬ ಸಂಶಯ ಅಲ್ಲೂ ಎದ್ದಿದೆಯಂತೆ. ನಮ್ಮ ಸತೀಶ ಪಾಸ್‌ಪೋರ್ಟಿಲ್ಲದೆ ಅಂತರರಾಷ್ಟ್ರೀಯ ಮಟ್ಟ ತಲುಪಿದ್ದಾನೆ.

ಬಳಸಿದ ಎಣ್ಣೆ ಎಂಬುದು ಊಟದ ಎಲೆಯಲ್ಲಿ ಉಳಿದ ಅನ್ನದಂತೆ. ಉಳಿದಿದ್ದರೆ ಹಸುವಿಗೆ ಹಾಕಿ, ಪುಣ್ಯ. ಹಸುವಿಗೆ ಸಾಲದು ಎಂದು ಉಣ್ಣುವವರಿಗೆ ಎಲೆಯಲ್ಲಿ ಇಂತಿಷ್ಟು ಬಿಡಲೇಬೇಕೆಂದು ಕಟ್ಟು ಮಾಡಿದರೆ ಅದು ಯಾವ ಸೀಮೆ ನ್ಯಾಯ? ಉಳಿಕೆಗೆ ಒಂದು ಮಿತಿ ಇದೆ. ಊರಿನ ಬಾಣಲೆಗಳನ್ನೆಲ್ಲ ಬಗ್ಗಿಸಿ ಸುರಿದರೂ ಏರ್‌ಪೋರ್ಟ್ ರಸ್ತೆಯ ಒಂದು ಬೆಳಗಿನ ಟ್ರಾಫಿಕ್ಕಿಗೆ ಸಾಲುವುದಿಲ್ಲ ಎಂದು ವೇದಾ ಕಾಗದದ ಮೇಲೆ ಗೀಚಿ ತೋರಿಸಿದಳು. ಅವಳ ಲೆಕ್ಕ ಹೆಚ್ಚುಕಡಿಮೆ ಇರಬಹುದು. ಆದರೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಒಮ್ಮೆ ನಿಂತು ನೋಡಿದವರಿಗೆ ಅದು ಸುಳ್ಳೆನಿಸುವುದಿಲ್ಲ. ಕಬ್ಬು, ಮೆಕ್ಕೆಜೋಳದಿಂದಲೂ ಎಥೆನಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಿದ್ದಾರೆ. ರೈತನಿಗೆ ಬೆಲೆ ಸಿಕ್ಕಿದರೆ ಒಳ್ಳೆಯದೇ. ಅದೇ ಜೋಳ ತಿನ್ನುವ ಕೋಳಿಯ ಮೊಟ್ಟೆ ತುಟ್ಟಿಯಾಗುತ್ತದೆ ಎಂದು ಕೋಳಿ ಸಾಕುವವರು ಗೊಣಗುತ್ತಾರೆ, ಅದೂ ನಿಜವೇ. ಟಿ.ವಿ.ಯಲ್ಲಿ ಈ ಸುದ್ದಿ ಬಂದಾಗ ನಮ್ಮ ಮಾವ, “ಉಣ್ಣೋದ್ನೂ ಓಡ್ಸೋದ್ನೂ ಒಂದೇ ಒಲದಾಗ್ ಬೆಳೀತೀನಿ ಅಂದ್ರೆ ಇಂಗೇ ಆಗೋದು” ಎಂದರು. ಇದೇನೂ ದೊಡ್ಡ ಸಂಶೋಧನೆಯಲ್ಲ, ನಿಮ್ಮ ಸಮ್ಮೇಳನದಲ್ಲೂ ಯಾರಾದರೂ ಇಂಗ್ಲಿಷಿನಲ್ಲಿ ಹೇಳಿರುತ್ತಾರೆ. ನೀವು ಊಟಕ್ಕೆ ಎದ್ದು ಹೋಗಿದ್ದಿರೇನೋ.

ಈಗ ಆ ಮಧ್ಯಾಹ್ನದ ವಿಷಯ. ತಿಂಗಳ ಡ್ರಮ್ಮು ಒಯ್ಯುವ ಗಾಡಿ ಮರುದಿನ ಬರುವುದಿತ್ತು. ಸತೀಶನಿಗೆ ಇನ್ನೂ ಎಣ್ಣೆ ಸಾಲದು. ಅಂಗಡಿಯ ಹಿಂದಿನ ದೊಡ್ಡ ಬಾಣಲೆಗೆ ಹೊಸ ಎಣ್ಣೆ ತುಂಬಿ, ಉರಿ ಜೋರು ಮಾಡಿ, ಕಪ್ಪಾದ ಮೇಲೆ ಹೇಳು ಎಂದು ರುಖ್ಸಾರ್‌ಗೆ ಒಪ್ಪಿಸಿ ಗಲ್ಲಾ ಮೇಲೆ ಕೂತ. ಅಷ್ಟು ವರ್ಷ ಬಾಣಲೆ ಮುಂದೆ ನಿಂತವಳಿಗೆ ಇದು ಹೊಸದು. ತಿಂಡಿ ಬಿಡದೆ ಎಣ್ಣೆಯೊಂದನ್ನೇ ಜೋರು ಉರಿಯಲ್ಲಿ ಕಾಯಿಸಬಾರದು ಅಣ್ಣಾ ಎಂದು ಅವಳು ಹೇಳಿದಳು. ಡಿಪಾರ್ಟ್‌ಮೆಂಟಿನವರಿಗೆ ಕಪ್ಪು ಬಣ್ಣವೇ ಬೇಕು ಎಂದು ಅವನು ಹೇಳಿದ. ಎಣ್ಣೆ ಹೊಗೆಯಾಡಿತು. ಅವಳು ಉರಿ ಸಣ್ಣ ಮಾಡಲು ಬಗ್ಗಿದಾಗ ಬಾಣಲೆಯೇ ಧಗ್ಗನೆ ಹೊತ್ತಿಕೊಂಡಿತು. ಸತೀಶ ಗಾಬರಿಯಲ್ಲಿ ಓಡಿ ಬಂದು ಬಕೆಟ್ಟು ನೀರು ಎರಚಿದ. ಉರಿಯುವ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಎಂದು ವಿವರಿಸಲು ನನಗೆ ಮನಸ್ಸಿಲ್ಲ. ರುಖ್ಸಾರ್‌ಳ ಬಲಗೈ ಮೊಣಕೈವರೆಗೆ ಸುಟ್ಟಿದೆ, ಕುತ್ತಿಗೆಯ ಒಂದು ಪಕ್ಕ ಸುಟ್ಟಿದೆ. ಚಕ್ಕುಲಿ ತಿರುವುತ್ತಿದ್ದ ಕೈ ಅದೇ.

ನಿಮ್ಮ ಸಿಬ್ಬಂದಿ ಬಂದರು, ಅದೇ ಕೋಡುಬಳೆಯ ಮನುಷ್ಯ. ಚಿಪ್ಸು ಕರಿಯುವಾಗ ಕೆಲಸದವಳ ಅಜಾಗರೂಕತೆಯಿಂದ ಬೆಂಕಿ ಹೊತ್ತಿತು ಎಂದು ಸತೀಶ ಹೇಳಿದ, ಅವರು ಬರೆದುಕೊಂಡರು. ಬಾಣಲೆಯಲ್ಲಿ ಚಿಪ್ಸು ಎಲ್ಲಿ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಪ್ರಶಸ್ತಿಯ ಗುಟ್ಟು ಹೊರಬೀಳುತ್ತಿತ್ತು, ಡ್ರಮ್ಮಿನ ಗುಟ್ಟು ಹೊರಬೀಳುತ್ತಿತ್ತು, ಬಹುಶಃ ನಿಮ್ಮ ಕಾಲು ಭಾಗದ ಗುಟ್ಟೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾನು ಎಷ್ಟೋ ಸಲ ತಮಾಷೆಗೆ ಆಡಿದ್ದೇನೆ. ಅವತ್ತು ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಕೈ ನೋಡಿದ ಮೇಲೆ ಅದನ್ನು ಆಡಿಲ್ಲ. ನಾನು ಅವಳನ್ನು ಅಲ್ಲಿಗೆ ಕಳಿಸದಿದ್ದರೆ, ನೀವು ನಮ್ಮ ಒಲೆ ಆರಿಸದಿದ್ದರೆ, ನೀವು ಆ ಕಾಲು ಭಾಗವನ್ನು ಗಾಳಿಯಿಂದ ಹಿಡಿದು ತರದಿದ್ದರೆ ಎಂದು ನಾನು ದಿನಾ ಹಿಂದೆ ಹಿಂದೆ ಹೋಗುತ್ತೇನೆ.

ಆ ವರದಿಯ ಮಾತಿನಿಂದ ಅವಳಿಗೆ ಏನಾಯಿತು ಎಂದು ಕೇಳಿ. ಅವಳ ತಪ್ಪೇ ಎಂದು ಬರೆದಿರುವಾಗ ಪರಿಹಾರ ಹೇಗೆ ಕೊಡುವುದು ಎಂದು ನಿಮ್ಮ ಕಚೇರಿಯವರೇ ನನ್ನನ್ನು ಕೇಳಿದರು. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಈ ಕಡೆ ತಿಂಡಿ ಮಾಡುವವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಬೆಂಕಿ ಹೊತ್ತಿಸಿಕೊಂಡವಳು ಎಂದು ಹೆಸರು ಬಿದ್ದ ಮೇಲೆ ಯಾರು ಅವಳನ್ನು ಒಲೆಯ ಹತ್ತಿರ ಬಿಡುತ್ತಾರೆ? ಸಹಕಾರನಗರದ ಒಬ್ಬರು, ಕೈ ವಾಸಿಯಾದ ಮೇಲೆ ಪಾತ್ರೆ ತೊಳೆಯಲು ಬೇಕಾದರೆ ಬರಲಿ ಎಂದು ಹೇಳಿ ಕಳಿಸಿದ್ದಾರೆ. ಹೋದ ಶುಕ್ರವಾರ ಅವಳ ಮನೆಗೆ ಹೋಗಿದ್ದೆ. ಗಜಾಲಾ ಪಟ್ಟಿ ಬದಲಾಯಿಸುತ್ತಿದ್ದಳು. ರುಖ್ಸಾರ್ ಸತೀಶನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಒಂದೇ ಮಾತು ಹೇಳಿದಳು.

“ಕೈ ಸುಟ್ಟಿದ್ದು ಹೋಗ್ಲಿ ಅಕ್ಕಾ, ವಾಸಿ ಆಗುತ್ತೆ. ನಂಗೆ ಕರಿಯಕ್ಕೆ ಬರಲ್ಲ ಅಂತ ಬರ್ದಿದಾರಲ್ಲ, ಅದು ಹೆಂಗೆ ಹೋಗುತ್ತೆ?”

ಅತ್ತು ಎದ್ದು ಬಂದೆ. ಆಟೋದಲ್ಲಿ ಕೂತು ಮನೆ ತಲುಪುವವರೆಗೂ ಕೋಪ ಬರುತ್ತಲೇ ಇತ್ತು, ಆ ಕೋಪದಲ್ಲೇ ಸತೀಶನ ಅಂಗಡಿಗೆ ನುಗ್ಗಿದೆ. ಅವನು ಗಿರಾಕಿಗಳ ಎದುರಿಗೇ ತಲೆ ತಗ್ಗಿಸಿದ. “ಅತ್ತಿಗೆ, ನಿಜ ಹೇಳಿದ್ರೆ ಅಂಗಡಿ ಹೋಗುತ್ತೆ” ಅಂದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಈ ಪತ್ರ ಮುಗಿಸುವ ಮೊದಲು ಅವನನ್ನು ಮನೆಗೆ ಕರೆಸಿ, ಅವನ ಬಗ್ಗೆ ಬರೆದದ್ದನ್ನು ಒಂದಕ್ಷರ ಬಿಡದೆ ಓದಿ ಹೇಳಿದೆ. ಮಾವ, ಅತ್ತೆ ಇಬ್ಬರೂ ಎದುರಿಗಿದ್ದರು. ನೀರು ಎರಚಿದ ಭಾಗ ಬಂದಾಗ ಅವನು ಮುಖ ಮುಚ್ಚಿಕೊಂಡ. ಕೊನೆಗೆ, “ಹಾಕಿ ಅತ್ತಿಗೆ. ಯಾರ್ ಕೇಳಿದ್ರೂ ನಾನೇ ಬಂದ್ ಹೇಳ್ತೀನಿ” ಅಂದ. ಫಲಕವನ್ನು ಮಾತ್ರ ಇನ್ನೂ ಗೋಡೆಯಿಂದ ಇಳಿಸಿಲ್ಲ. ಅಷ್ಟು ಬೇಗ ಮನುಷ್ಯ ಬದಲಾಗುವುದಿಲ್ಲ, ನನಗೂ ಅವನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ.

ಈಗ ನನ್ನ ಬೇಡಿಕೆ. ನಮ್ಮ ಪರವಾನಗಿಯ ಮಾತು ಆಮೇಲೆ ನೋಡೋಣ, ಅದಕ್ಕಾಗಿ ಈ ಪತ್ರ ಬರೆದದ್ದಲ್ಲ. ಕಾಲು ಭಾಗದ ಆದೇಶವನ್ನು ಇಂದೇ ನಿಲ್ಲಿಸಿ. ಉಳಿದದ್ದನ್ನು ಕೇಳಿ ಒಯ್ಯಿರಿ, ಉಳಿಸಿ ಎಂದು ಹೆದರಿಸಬೇಡಿ, ಉಳಿದದ್ದರಿಂದ ಎಷ್ಟು ಬಸ್ಸು ಓಡುತ್ತದೋ ಅಷ್ಟು ಓಡಲಿ, ಅಷ್ಟಕ್ಕೇ ನಾವು ಚಪ್ಪಾಳೆ ಹೊಡೆಯುತ್ತೇವೆ. ಇದಕ್ಕೆ ನಿಮಗೆ ಮೇಲಿನವರ ಅನುಮತಿ ಬೇಕಾಗಬಹುದು, ಸಮ್ಮೇಳನ ಬೇಕಾಗಬಹುದು, ಕಾಯುತ್ತೇವೆ. ರುಖ್ಸಾರ್‌ಳ ವಿಷಯಕ್ಕೆ ಯಾರ ಅನುಮತಿಯೂ ಬೇಡ, ಒಂದು ಪೆನ್ನು ಸಾಕು. ನಿಮ್ಮ ವರದಿಯಲ್ಲಿ ‘ಕಾರ್ಮಿಕಳ ಅಜಾಗರೂಕತೆ’ ಎಂಬಲ್ಲಿ ಗೆರೆ ಎಳೆಯಿರಿ. ಅದರ ಮೇಲೆ ನಿಮ್ಮ ಕೈಯಾರೆ ಹೀಗೆ ಬರೆಯಿರಿ: ಆ ಮಧ್ಯಾಹ್ನ ಆಕೆ ಏನನ್ನೂ ಕರಿಯುತ್ತಿರಲಿಲ್ಲ. ಆಕೆ ನಮಗಾಗಿ ಎಣ್ಣೆ ಕೆಡಿಸುತ್ತಿದ್ದಳು.

ಇಂತಿ,
ಕೆಡಿಸಲು ಎಣ್ಣೆಯಿಲ್ಲದೆ ಒಲೆ ಆರಿಸಿಕೊಂಡು ಕೂತಿರುವ
ನಾಗಲಕ್ಷ್ಮಿ
ಕೊಡಿಗೇಹಳ್ಳಿ